ಎಪ್ಪತ್ತಮೂರನೆಯ ಪುಟ ಹೊತ್ತು ಫಿನ್‌ಲೆಂಡಿಗೆ

ಜರಗನಹಳ್ಳಿ, ಹೊರಡುವ ಮೊದಲು

ಫಿನ್‌ಲೆಂಡಿಗೆ ಹೋಗುತ್ತಿದ್ದೇನೆ ಎಂದಾಗ ನಮ್ಮ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ, ಅಲ್ಲಿ ರಾಗಿ ಹಿಟ್ಟು ಸಿಗುತ್ತದೆಯೇ ಎಂಬುದು. ಎರಡನೆಯದು, ಅಷ್ಟು ದೂರದವರು ನಿನ್ನನ್ನು ಯಾಕೆ ಕರೆದರು ಎಂಬುದು.

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಕಥೆ ಕವಿತೆ ನನಗೆ ಒಲಿಯಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುವವನು ನಾನು ಎಂದು ಜಂಬದಿಂದ ಹೇಳಿಕೊಂಡು ಓಡಾಡುತ್ತಿದ್ದೆ. ನಿವೃತ್ತಿಯಾದ ಮೇಲೆ ನಾಲ್ಕು ವರ್ಷ ಕೂತು ನಮ್ಮ ಊರ ಮಗ್ಗುಲಲ್ಲಿದ್ದ ಒಂದು ಸಣ್ಣ ಕೆರೆಯ ಬಗ್ಗೆ ಪುಸ್ತಕ ಬರೆದೆ. ಕೆರೆ ಈಗಿಲ್ಲ. ಅದರ ಅಂಗಳದಲ್ಲಿ ಮೂರು ಅಡ್ಡರಸ್ತೆಗಳು, ಒಂದು ಜಿಮ್ಮು, ಎರಡು ಪಿ.ಜಿ. ಕಟ್ಟಡಗಳು ಎದ್ದಿವೆ. ಪಿ.ಜಿ.ಗಳಲ್ಲಿ ಒಂದು ನಮ್ಮ ಕುಟುಂಬದ್ದೇ. ಅದನ್ನೂ ಮರೆಮಾಚದೆ ಬರೆದಿದ್ದೆ, ಪ್ರಾಮಾಣಿಕ ಎನಿಸಿಕೊಳ್ಳಲಿಕ್ಕೆ. ನನ್ನ ಮಗಳು ಮೂವತ್ತು ಪುಟಗಳನ್ನು ಇಂಗ್ಲಿಷಿಗೆ ಮಾಡಿದಳು. ನಮ್ಮ ಕಡೆಯ ಕೆರೆಗಳನ್ನು ನೋಡಲು ಬಂದಿದ್ದ ಒಬ್ಬ ಹೆಂಗಸಿನ ಮೂಲಕ ಆ ಪುಟಗಳು ಫಿನ್‌ಲೆಂಡಿನ ಒಂದು ಪುಟ್ಟ ಊರಿನ ಗ್ರಂಥಾಲಯ ಸೇರಿದವು. ಕೆರೆ ಸರೋವರಗಳ ಬಗ್ಗೆ ಬರೆದವರನ್ನು ಅವರು ಒಬ್ಬೊಬ್ಬರನ್ನಾಗಿ ಕರೆಸುತ್ತಾರಂತೆ. ಸೆಪ್ಟೆಂಬರಿನಲ್ಲಿ ಎರಡು ವಾರಕ್ಕೆ ಬನ್ನಿ ಎಂದು ಪತ್ರ ಬಂತು.

ಚೀಲದಲ್ಲಿ ಸ್ವೆಟರುಗಳ ಕೆಳಗೆ ಪುಸ್ತಕದ ಎರಡನೆಯ ಮುದ್ರಣದ ಕರಡು ಇಟ್ಟುಕೊಂಡೆ. ತಿದ್ದಿ ತಂದುಕೊಟ್ಟರೆ ಅಚ್ಚಿಗೆ ಹೋಗುತ್ತದೆ. ತಿದ್ದುವುದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಎಪ್ಪತ್ತಮೂರನೆಯ ಪುಟದ ಒಂದು ವಾಕ್ಯ: 'ನೀರಗಂಟಿ ಮುನಿಯಪ್ಪ ಅಂದು ಕುಡಿದು ಮಲಗಿದ್ದರಿಂದ ತೂಬು ತೆಗೆಯುವವರಿಲ್ಲದೆ ಕೆರೆಯ ಏರಿ ಒಡೆಯಿತು.' ತೂಬು ಎಂದರೆ ನೀರು ಬಿಡುವ ಕಂಡಿ. ಅದನ್ನು ತೆಗೆಯುವುದು, ಮುಚ್ಚುವುದು ನೀರಗಂಟಿಯ ಕೆಲಸ. ನಾನು ಆರನೇ ತರಗತಿಯಲ್ಲಿದ್ದಾಗ ದೊಡ್ಡ ಮಳೆ ಬಂದು ಬೆಳಗಾಗುವಷ್ಟರಲ್ಲಿ ಏರಿ ಒಡೆದಿತ್ತು. ಆಮೇಲೆ ಯಾರೂ ಅದನ್ನು ಕಟ್ಟಲಿಲ್ಲ. ಮುನಿಯಪ್ಪ ಊರು ಬಿಟ್ಟು ಹೋದ. ಅವನು ಕುಡಿದಿದ್ದ ಎಂದು ಊರಿನ ದೊಡ್ಡವರೆಲ್ಲ ಹೇಳುತ್ತಿದ್ದರು, ನಾನು ಬರೆದುಕೊಂಡೆ.

ಜುಲೈನಲ್ಲಿ ಮುನಿಯಪ್ಪನ ಮಗಳು ಚೌಡಮ್ಮ ನಮ್ಮ ಮನೆಗೆ ಬಂದಿದ್ದಳು. ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತಳಾದವಳು, ಈಗ ಸುಬ್ರಹ್ಮಣ್ಯಪುರದಲ್ಲಿದ್ದಾಳೆ. ನನ್ನ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಕಾಫಿ ಕುಡಿದಳು, ಮಕ್ಕಳ ವಿಷಯ ಮಾತಾಡಿದಳು. ಏಳುವ ಹೊತ್ತಿಗೆ ಹೇಳಿದಳು: "ರಾಜಣ್ಣ, ನಮ್ಮಪ್ಪ ಅವತ್ತು ಕುಡಿದಿರ್ಲಿಲ್ಲ. ತೂಬು ತೆಗೀಲಾ ಅಂತ ಕೇಳೋಕೆ ನಿಮ್ಮನೆಗೇ ಬಂದಿದ್ರು. ತಗ್ಗಿನಲ್ಲಿದ್ದ ನಿಮ್ಮ ಗದ್ದೆ ಮುಳುಗುತ್ತೆ ಅಂತ, ಬೆಳಿಗ್ಗೆ ನೋಡೋಣ ಅಂದಿದ್ದು ನಿಮ್ಮ ತಾತ."

ಎರಡನೇ ಮುದ್ರಣದಲ್ಲಿ ನೋಡೋಣ ಎಂದೆ. ನಮ್ಮ ತಾತ ಆಡಿದ ಮಾತನ್ನೇ ನಾನೂ ಆಡಿದೆ ಎಂದು ಹೊಳೆದದ್ದು ಅವಳು ಗೇಟು ದಾಟಿದ ಮೇಲೆ.

ಅವಳಿಗೆ ಹೇಳದೆ ಉಳಿಸಿಕೊಂಡ ಮಾತು ಇನ್ನೊಂದಿತ್ತು. ಆ ಸಂಜೆ ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಮುನಿಯಪ್ಪ ಅಂಗಳದಲ್ಲಿ ನೆನೆಯುತ್ತ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೆ. ಪುಸ್ತಕ ಬರೆಯುವಾಗ ಅದು ಮರೆತಿತ್ತು ಎಂದರೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಎರಡನೆಯ ಮುದ್ರಣದ ಬಿಡುಗಡೆಯನ್ನು ಚಿಕ್ಕಪ್ಪ ತಾತನ ಹೆಸರಿನ ನಮ್ಮ ಕಲ್ಯಾಣ ಮಂಟಪದಲ್ಲಿ ಆಗಲೇ ಗೊತ್ತುಮಾಡಿದ್ದರು. ಹೀಗೆ ಎಪ್ಪತ್ತಮೂರನೆಯ ಪುಟವನ್ನು ಹೊತ್ತುಕೊಂಡೇ ವಿಮಾನ ಹತ್ತಿದೆ.

ಹೆಲ್ಸಿಂಕಿ, ಅರ್ಧ ದಿನ

ಮೊದಲ ತಪ್ಪು ಬಸ್ ಸ್ಟಾಪಿನಲ್ಲೇ ಆಯಿತು. ಅಲ್ಲೊಬ್ಬರು, ಇಲ್ಲೊಬ್ಬರು, ಎರಡೆರಡು ಮಾರು ದೂರದಲ್ಲಿ ಆರು ಜನ ನಿಂತಿದ್ದರು. ಇವರಿಗೂ ಬಸ್ಸಿಗೂ ಸಂಬಂಧವಿಲ್ಲ, ಯಾರ ಮೇಲೋ ಮುನಿಸಿಕೊಂಡು ನಿಂತಿದ್ದಾರೆ ಎಂದುಕೊಂಡೆ. ಬಸ್ಸು ಬಂದಾಗ ಕನಕಪುರ ರಸ್ತೆಯಲ್ಲಿ ಕಲಿತ ವಿದ್ಯೆಯನ್ನೆಲ್ಲ ಉಪಯೋಗಿಸಿ ಮೊದಲು ಹತ್ತಿದೆ. ತಿರುಗಿ ನೋಡಿದರೆ ಆರೂ ಜನ ನನ್ನ ಹಿಂದೆ ಸಾಲಾಗಿ ಬರುತ್ತಿದ್ದರು. ಅದು ಕ್ಯೂ. ಯಾರೂ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ರೈಲಿಗೆ ಹೊತ್ತಿದ್ದುದರಿಂದ ಊರಿನ ದೊಡ್ಡ ಗ್ರಂಥಾಲಯಕ್ಕೆ ಹೋದೆ. ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಕಳಚಿ ಗೋಡೆಗೆ ಒರಗಿಸಿಟ್ಟೆ. ಕಾಲುಚೀಲದಲ್ಲಿ ಹತ್ತು ಹೆಜ್ಜೆ ನಡೆದ ಮೇಲೆ ಉಳಿದವರೆಲ್ಲ ಬೂಟಿನಲ್ಲೇ ಇರುವುದು ಕಾಣಿಸಿತು. ಕಾವಲಿನವನು ನನ್ನ ಬೂಟುಗಳನ್ನು ಎರಡು ಬೆರಳಿನಲ್ಲಿ ಹಿಡಿದು ತಂದುಕೊಟ್ಟ, ಯಾರೋ ಮರೆತ ಕೊಡೆ ಕೊಡುವವನ ಹಾಗೆ.

ಒಳಗೆ ಹೋಗಿ ನಿಂತಲ್ಲೇ ನಿಂತುಬಿಟ್ಟೆ. ಎಂಥ ಬೆಳಕು! ಒಂದು ಮೂಲೆಯಲ್ಲಿ ಹುಡುಗಿಯರು ಗ್ರಂಥಾಲಯದ ಹೊಲಿಗೆ ಯಂತ್ರದಲ್ಲಿ ಪರದೆ ಹೊಲಿಯುತ್ತಿದ್ದಾರೆ. ಅಂಬೆಗಾಲಿಡುವ ಮಗು ಪುಸ್ತಕಗಳ ನಡುವೆ ಜೊಲ್ಲು ಸುರಿಸುತ್ತ ಹೋಗುತ್ತಿದೆ. ಚಳಿಗೆ ಒಳಬಂದ ಮನೆಮಾರಿಲ್ಲದವನೊಬ್ಬ ಕಿಟಕಿಯ ಬಳಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದಾನೆ. ಯಾರೂ ಯಾರನ್ನೂ ಎಬ್ಬಿಸುವುದಿಲ್ಲ, ಕಾರ್ಡ್ ಎಲ್ಲಿ ಎಂದು ಕೇಳುವುದಿಲ್ಲ. ನಮ್ಮ ಬಡಾವಣೆಯ ವಾಚನಾಲಯ ನೆನಪಾಯಿತು. ಅಲ್ಲಿ ದಿನಪತ್ರಿಕೆಯ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿರುತ್ತದೆ, ಒಳ್ಳೆಯ ಪುಸ್ತಕಗಳು ಕಳೆದುಹೋಗದಿರಲಿ ಎಂದು ಬೀಗ ಹಾಕಿದ ಬೀರುವಿನಲ್ಲಿರುತ್ತವೆ. ಕೀಲಿ ಇರುವವರು ರಜೆಯಲ್ಲಿರುತ್ತಾರೆ. ಆದರೂ ಆ ಬೀರುವಿನ ಗಾಜಿಗೆ ಮುಖ ಒತ್ತಿಯೇ ನಾನು ಓದಿನ ಹುಚ್ಚು ಹಿಡಿಸಿಕೊಂಡವನು. ಬೈಯುವಷ್ಟು ಕೃತಘ್ನನಲ್ಲ.

ಸರೋವರದ ಊರು

ರೈಲಿನಲ್ಲಿ ನಾಲ್ಕು ಗಂಟೆ. ಸ್ಟೇಷನ್ನಿಗೆ ಈರೋ ಎಂಬ ಎಪ್ಪತ್ತು ದಾಟಿದ ಎತ್ತರದ ಮನುಷ್ಯ ಬಂದಿದ್ದ. ಭೂಮಾಪನ ಇಲಾಖೆಯಲ್ಲಿ ಸರ್ವೆ ಮಾಡಿಕೊಂಡಿದ್ದು ನಿವೃತ್ತನಾದವನು. ಎರಡು ವಾರ ನಾನು ಇವನ ಮನೆಯ ಮಹಡಿಯಲ್ಲಿ ಇರಬೇಕು. ದಿನಕ್ಕೆ ಹತ್ತು ವಾಕ್ಯಕ್ಕಿಂತ ಹೆಚ್ಚು ಮಾತಾಡಿದರೆ ದಂಡ ಬೀಳುತ್ತದೇನೋ ಎಂಬಂಥ ಆಸಾಮಿ. ನಾನು ದಾರಿಯುದ್ದಕ್ಕೂ ಒಬ್ಬನೇ ಮಾತಾಡಿ, ಕೊನೆಗೆ ನನ್ನ ದನಿ ನನಗೇ ಬೇಸರ ಬಂದು ಸುಮ್ಮನಾದೆ.

ಮನೆಗೆ ಹೋಗುವ ಮೊದಲು ಕಾರು ನಿಲ್ಲಿಸಿ ಸರೋವರದ ದಂಡೆಗೆ ಕರೆದುಕೊಂಡು ಹೋದ. ಊರಿನ ನಟ್ಟನಡುವೆ ನೀರು. ಬೇಲಿ ಇಲ್ಲ, ಟಿಕೆಟ್ ಇಲ್ಲ, ಉದ್ಘಾಟಿಸಿದವರ ಹೆಸರಿನ ಕಲ್ಲಿಲ್ಲ. ದಂಡೆಯ ಬರ್ಚ್ ಮರಗಳು ಹಳದಿಗೆ ತಿರುಗುತ್ತಿದ್ದವು, ಅವೆಲ್ಲ ನೀರಿನಲ್ಲೂ ಇದ್ದವು. ಈರೋ ಸೊಂಟಕ್ಕೆ ಕಟ್ಟಿದ್ದ ಮರದ ಬಟ್ಟಲನ್ನು ಬಿಚ್ಚಿ, ಬಾಗಿ, ಸರೋವರದಿಂದ ನೀರು ತುಂಬಿಕೊಂಡು ಗಟಗಟ ಕುಡಿದ. ಮತ್ತೆ ತುಂಬಿ ನನಗೆ ಕೊಟ್ಟ.

ಕೈ ಹಿಂಜರಿಯಿತು. ನಾನು ಬಂದ ಊರಿನಲ್ಲಿ ಕೆರೆ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ, ಪತ್ರಿಕೆಯಲ್ಲಿ ನೊರೆಯ ಚಿತ್ರ ಬರುವ ಜಾಗ, ನಮ್ಮ ಪಿ.ಜಿ.ಗೆ ವಾರಕ್ಕೆ ಮೂರು ಸಲ ಟ್ಯಾಂಕರ್ ಬರಲು ಕಾರಣವಾದ ಜಾಗ. ಕಣ್ಣು ಮುಚ್ಚಿ ಕುಡಿದೆ. ತಣ್ಣಗೆ, ಎಲೆಯ ವಾಸನೆಯ ನೀರು. ಚಿಕ್ಕವನಿದ್ದಾಗ ದನ ಮೇಯಿಸಲು ಹೋದವರ ಜೊತೆ ಬೊಗಸೆಯಲ್ಲಿ ಕುಡಿದ ನೀರು ಹೀಗೇ ಇತ್ತು. ಕಣ್ಣು ತುಂಬಿ ಬಂತು, ನಾಚಿಕೆಯಾಗಲಿಲ್ಲ. ಈರೋ ಆ ಕಡೆ ತಿರುಗಿ ಬಾತುಕೋಳಿ ನೋಡುತ್ತ ನಿಂತ. ಅದು ಅವರ ಮರ್ಯಾದೆ.

ಮರುದಿನ ಪುರಸಭೆಯ ಕಟ್ಟಡದಲ್ಲಿ ಒಂದು ದೊಡ್ಡ ವರ್ಣಚಿತ್ರ ನೋಡಿದೆ. ಹಳೆಯ ಕಾಲದ ಇದೇ ಊರು, ದೋಣಿಗಳು, ಹಿಮ, ದೂರದಲ್ಲಿ ಕಮಾನಿನ ಸೇತುವೆ. ಬಣ್ಣ ಗೊತ್ತಿಲ್ಲದ ನನಗೂ ಅರ್ಧ ಗಂಟೆ ಕಾಲು ಕೀಳಲಾಗಲಿಲ್ಲ. ಕೆಳಗೆ ಅಂಗೈಯಗಲದ ಹಿತ್ತಾಳೆ ಫಲಕವಿತ್ತು. ಕಲಾವಿದನ ಗುಣಗಾನ ಇರಬಹುದೆಂದು ಈರೋನನ್ನು ಕೇಳಿದರೆ ಅವನು ಓದಿ ಹೇಳಿದ: 'ಈ ಸೇತುವೆ ಆಗ ಇರಲಿಲ್ಲ.' ಅಷ್ಟೇ. ಚಿತ್ರವನ್ನು ಯಾರೂ ಇಳಿಸಿಲ್ಲ, ಸೇತುವೆಯನ್ನು ಯಾರೂ ಅಳಿಸಿಲ್ಲ, ಇರಲಿಲ್ಲ ಎಂದು ಹೇಳಿದ್ದಾರೆ. ನಮ್ಮಲ್ಲಾದರೆ ಒಂದು ಪಕ್ಷ ಚಿತ್ರ ಸುಡಬೇಕೆನ್ನುತ್ತಿತ್ತು, ಇನ್ನೊಂದು ಪಕ್ಷ ಸೇತುವೆ ಮೊದಲಿಂದಲೂ ಇತ್ತೆಂದು ಟಿ.ವಿ.ಯಲ್ಲಿ ಕೂಗುತ್ತಿತ್ತು. ಹಾಗೆಂದು ಈರೋನಿಗೆ ಹೇಳಿ ನಕ್ಕೆ. ನಗುವಾಗಲೇ ಚೀಲದಲ್ಲಿದ್ದ ಕರಡು ನೆನಪಾಗಿ ನಗು ಅರ್ಧಕ್ಕೆ ನಿಂತಿತು.

ಸೌನಾ, ಶನಿವಾರ

ಶನಿವಾರ ಸಂಜೆ ಸೌನಾಕ್ಕೆ ಬಾ ಎಂದ. ಸೌನಾ ಎಂದರೆ ಮರದ ಕೋಣೆಯಲ್ಲಿ ಕಾದ ಕಲ್ಲಿನ ಮೇಲೆ ನೀರು ಹಾಕಿ ಹಬೆಯಲ್ಲಿ ಬೇಯುವುದು. ಬಟ್ಟೆ ಹಾಕುವಂತಿಲ್ಲ. ನಾನು ಪಂಚೆ ಉಟ್ಟು ಹೋದೆ. ಹತ್ತು ನಿಮಿಷದಲ್ಲಿ ಪಂಚೆ ಒದ್ದೆ ಗೋಣಿಯಾಗಿ ನಾನೇ ಕಳಚಿದೆ. ನಮ್ಮ ಬಚ್ಚಲ ಹಂಡೆಯ ಉರಿ, ದೀಪಾವಳಿಯ ಎಣ್ಣೆಸ್ನಾನ, ಅಜ್ಜಿ ಬೆನ್ನಿಗೆ ಸುರಿಯುತ್ತಿದ್ದ ಸುಡುನೀರು ಎಲ್ಲ ನೆನಪಾಯಿತು. ಸೌನಾದಲ್ಲಿ ಯಾರೂ ಯಾರ ಮೇಲೂ ಸುಳ್ಳು ಹೇಳಬಾರದೆಂದು ತನ್ನ ಅಜ್ಜಿ ಹೇಳುತ್ತಿದ್ದಳೆಂದು ಈರೋ ಹೇಳಿದ. ಇದೊಂದೇ ದೊಡ್ಡ ವಾಕ್ಯ. ಆಮೇಲೆ ಕೇಳಿದ, ನಿನ್ನ ಮೂವತ್ತು ಪುಟ ಓದಿದೆ, ನಿಮ್ಮ ಕೆರೆಯನ್ನು ಹಾಳು ಮಾಡಿದ್ದು ಯಾರು?

ನೀರಗಂಟಿ ಎಂದೆ.

ಅವನು ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದ. ಹಬೆ ಭುಸುಗುಟ್ಟಿ ಎದ್ದಿತು. ಅದು ಅಡಗಿದ ಮೇಲೆ ಕೇಳಿದ: "ಒಬ್ಬನೇ?"

ನಲವತ್ತು ವರ್ಷ ನೆಲ ಅಳೆದವನ ಪ್ರಶ್ನೆ. ನಾನು ಬಾಗಿಲು ತೆಗೆದು ಓಡಿ ಸರೋವರಕ್ಕೆ ಬಿದ್ದೆ. ಎಲ್ಲರೂ ಹಾಗೆ ಬೀಳುತ್ತಾರಾದ್ದರಿಂದ ನಾನು ತಪ್ಪಿಸಿಕೊಂಡು ಓಡಿದ್ದು ಅವನಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಗ್ರಂಥಾಲಯ, ಗುರುವಾರ

ನನ್ನ ಕಾರ್ಯಕ್ರಮ ಗುರುವಾರ ಮಧ್ಯಾಹ್ನ. ನಮ್ಮಲ್ಲಿ ಪುಸ್ತಕದ ಸಮಾರಂಭವೆಂದರೆ ವೇದಿಕೆಯ ಮೇಲೆ ಒಂಬತ್ತು ಜನ, ಕೆಳಗೆ ಹನ್ನೊಂದು ಜನ, ಶಾಲು, ಪೇಟ, ಹಣ್ಣಿನ ಬುಟ್ಟಿ, ತಡವಾಗಿ ಬರುವ ಅಧ್ಯಕ್ಷರು. ಪುಸ್ತಕವನ್ನು ಪೂರ್ತಿ ಓದಲಾಗಲಿಲ್ಲ, ಆದರೂ ಅದ್ಭುತವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಇಲ್ಲಿ ವೇದಿಕೆಯೇ ಇಲ್ಲ. ದುಂಡಗೆ ಕುರ್ಚಿ, ಏಲಕ್ಕಿ ಹಾಕಿದ ಬನ್ನು, ಕಾಫಿ. ಏಲಕ್ಕಿಯ ಘಮಕ್ಕೆ ಒಂದು ಕ್ಷಣ ಗಾಂಧಿಬಜಾರಿನಲ್ಲಿ ಇದ್ದೇನೆನ್ನಿಸಿತು. ಇಂಗ್ಲಿಷ್ ಪುಟಗಳನ್ನು ನಲವತ್ತು ನಿಮಿಷ ಓದಿದೆ. ಮುಗಿಸಿದಾಗ ಚಪ್ಪಾಳೆಯಿಲ್ಲ, ಪ್ರಶ್ನೆಯಿಲ್ಲ. ಮೂವತ್ತು ಜನ ನೆಲ ನೋಡುತ್ತ ಕೂತಿದ್ದಾರೆ. ಮಾನ ಹೋಯಿತು ಎಂದುಕೊಂಡೆ. ಗ್ರಂಥಪಾಲಕಿ ಕೈಸಾ ನನ್ನ ಕಿವಿಯಲ್ಲಿ, ಅವರು ಯೋಚಿಸುತ್ತಿದ್ದಾರೆ, ಅದು ಒಳ್ಳೆಯದು ಎಂದಳು.

ಗಾಬರಿಯಲ್ಲಿ ತೊಡೆಯ ಮೇಲಿದ್ದ ಪುಸ್ತಕ ಜಾರಿ ಕಾಲಿಗೆ ತಗುಲಿತು. ಥಟ್ಟನೆ ಎತ್ತಿ ಕಣ್ಣಿಗೊತ್ತಿಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ಕೈಸಾ ಕೇಳಿದಳು. ಪುಸ್ತಕ ನಮಗೆ ಸರಸ್ವತಿ, ಕಾಲು ತಾಗಬಾರದು, ಗೀಚಬಾರದು ಎಂದೆ. ಅವಳು ಮುಗುಳ್ನಕ್ಕು, ಹಾಗಾದರೆ ನಿನಗೆ ಇದು ಪಾಪವೆನ್ನಿಸಬಹುದು ಎಂದು ನನ್ನನ್ನು ಒಂದು ಕಪಾಟಿನ ಮುಂದೆ ಕರೆದೊಯ್ದಳು.

ಆ ಊರಿನ ಬಗ್ಗೆ ಬಂದ ಪುಸ್ತಕಗಳ ಕಪಾಟು. ಊರ ಚರಿತ್ರೆ, ಮರದ ಮಿಲ್ಲಿನ ಚರಿತ್ರೆ, ಶಾಲೆಯ ಚರಿತ್ರೆ. ಪ್ರತಿಯೊಂದರ ಒಂದು ಪ್ರತಿಯನ್ನು ಇವರು ಬಿಚ್ಚಿ, ಕೊನೆಗೆ ನಲವತ್ತು ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿಸುತ್ತಾರೆ. ಓದಿದ ಊರವರು ತಮಗೆ ಗೊತ್ತಿರುವುದು ಬೇರೆಯಾಗಿದ್ದರೆ ಅಲ್ಲಿ ಬರೆದು ಕೆಳಗೆ ಹೆಸರು ಹಾಕಬೇಕು. ಬದುಕಿರುವ ಲೇಖಕ ವರ್ಷಕ್ಕೊಮ್ಮೆ ಬಂದು ಎಲ್ಲರ ಮುಂದೆ ಅದನ್ನು ಓದಿ, ಕೆಳಗೆ ಉತ್ತರ ಬರೆಯಬೇಕು. ಬೇರೆ ಊರುಗಳಲ್ಲಿ ಹೀಗಿಲ್ಲ, ಇದು ನಮ್ಮೂರಿನ ಹುಚ್ಚು ಎಂದಳು ಕೈಸಾ.

ಶಾಲೆಯ ಚರಿತ್ರೆಯನ್ನು ತೆಗೆದು ತೋರಿಸಿದಳು. ಬರೆದವರು ಅವಳ ತಂದೆ, ಅಲ್ಲಿ ಹೆಡ್ಮಾಸ್ತರಾಗಿದ್ದವರು, ಈಗಿಲ್ಲ. ಅವಳು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. 'ಕುದುರೆ ಕಪ್ಪಲ್ಲ, ಕಂದು.' ಕೆಳಗೆ ಉತ್ತರ: 'ಒಪ್ಪಿದೆ.' 'ಆ ವರ್ಷ ಹಿಮ ಅಷ್ಟೊಂದು ಬಿದ್ದಿರಲಿಲ್ಲ.' ಉತ್ತರ: 'ನನಗೆ ಬಿದ್ದಿತ್ತು. ನಾನು ನಡೆದು ಬರುತ್ತಿದ್ದೆ, ನೀವು ಕಾರಿನಲ್ಲಿ.' ನಗುತ್ತಲೇ ಮುಂದೆ ಹೋದೆವು. ಒಂದು ಪುಟದಲ್ಲಿ ದುಂಡನೆಯ ಅಕ್ಷರ: 'ನನ್ನ ತಾಯಿ ಅಡುಗೆಮನೆಯಿಂದ ಬೆಣ್ಣೆ ಕದ್ದಳೆಂದು ಬರೆದಿದ್ದೀರಿ. ಅವಳು ಕದಿಯಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ.' ಕೆಳಗಿನ ಉತ್ತರದ ಅಕ್ಷರ ನಡುಗಿತ್ತು, ಅಷ್ಟರಲ್ಲಿ ಅವರಿಗೆ ಬಹಳ ವಯಸ್ಸಾಗಿತ್ತಂತೆ: 'ನಾನೂ ಕೇಳಲಿಲ್ಲ. ತಪ್ಪು ನನ್ನದು. ಕ್ಷಮಿಸಿ ಎಂದು ಇಲ್ಲಿ ಬರೆಯುತ್ತಿದ್ದೇನೆ, ನಾಳೆ ನಿಮ್ಮ ಮನೆಗೂ ಬರುತ್ತೇನೆ.'

ನಾನು ದೇವಸ್ಥಾನ ನೋಡಿದ್ದೇನೆ, ಬೇಗೂರಿನ ನಾಗೇಶ್ವರನ ಮುಂದೆ ಎಷ್ಟೋ ಸಲ ನಿಂತಿದ್ದೇನೆ. ಆ ಕಪಾಟಿನ ಮುಂದೆ ನಿಂತಾಗ ಆದದ್ದು ಅದೇ. ಮೈ ಜುಮ್ಮೆಂದಿತು. ಇಷ್ಟು ಸಣ್ಣ ಊರು ತನ್ನ ಬಗ್ಗೆ ಬರೆದದ್ದನ್ನು ಇಷ್ಟು ನಿಷ್ಠೆಯಿಂದ ತಿದ್ದುತ್ತಿದೆ. ನಾವು ಅಚ್ಚಾದದ್ದಕ್ಕೆ ಕೈಮುಗಿದು ಸುಮ್ಮನಾಗುತ್ತೇವೆ. ಬರೆದವನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಚೌಡಮ್ಮ ಆ ಪುಸ್ತಕವನ್ನು ಮಳೆ ತಾಗದ ಹಾಗೆ ಕವರಿನಲ್ಲಿ ಸುತ್ತಿ ತಂದಿದ್ದಳು. ತನ್ನ ತಂದೆಯನ್ನು ಕುಡುಕನೆಂದ ಪುಸ್ತಕಕ್ಕೆ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ನಿನ್ನ ಪುಸ್ತಕ ಓದಿ ನಿಮ್ಮೂರವರು ಏನಾದರೂ ತಿದ್ದಿ ಬರೆದಿದ್ದಾರೆಯೇ ಎಂದು ಕೈಸಾ ಕೇಳಿದಳು. ಒಬ್ಬರು ಬಾಯಲ್ಲಿ ಹೇಳಿದ್ದಾರೆ ಎಂದೆ. ನೀನು ಏನು ಉತ್ತರ ಕೊಟ್ಟೆ ಎಂದಳು. ಇನ್ನೂ ಕೊಟ್ಟಿಲ್ಲ ಎಂದು ಒಪ್ಪಿಕೊಂಡೆ.

ಕೊನೆಯ ದಿನ

ಕನ್ನಡ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿ ಬಿಟ್ಟುಬರಬೇಕಿತ್ತು. ಕೈಸಾ ಅದಕ್ಕೂ ಖಾಲಿ ಹಾಳೆ ಹೊಲಿಸಿ ಇಟ್ಟಿದ್ದಳು. ಮೊದಲ ಹಾಳೆಯಲ್ಲಿ ಬರೆದೆ: 'ಪುಟ ಎಪ್ಪತ್ತಮೂರು ಸುಳ್ಳು. ಮುನಿಯಪ್ಪ ಕುಡಿದಿರಲಿಲ್ಲ. ತೂಬು ತೆಗೆಯಲೇ ಎಂದು ಕೇಳಲು ನಮ್ಮ ಮನೆಗೆ ಬಂದಿದ್ದ. ಬೇಡವೆಂದದ್ದು ನಮ್ಮ ತಾತ. ನಾನು ಹೊಸ್ತಿಲಲ್ಲಿ ನಿಂತು ನೋಡಿದ್ದೆ.' ಹೆಸರು ಹಾಕಿದೆ. ಎದೆ ಹಗುರಾಯಿತು. ಈರೋ ನನ್ನ ಭುಜದ ಮೇಲೆ ಒಮ್ಮೆ ಕೈಯಿಟ್ಟು ತೆಗೆದ. ಅವನ ಲೆಕ್ಕದಲ್ಲಿ ಅದು ಅಪ್ಪಿಕೊಂಡಂತೆ.

ಹೊರಗೆ ಬೆಂಚಿನ ಮೇಲೆ ಕೂತು ಆ ಹಾಳೆಯ ಫೋಟೋವನ್ನು ಚೌಡಮ್ಮನಿಗೆ ವಾಟ್ಸಾಪ್ ಮಾಡಿದೆ. ಮುಂದೆ ಸರೋವರ ಬೆಳ್ಳಗೆ ಹೊಳೆಯುತ್ತಿತ್ತು. ಏನೋ ದೊಡ್ಡ ಕೆಲಸ ಮಾಡಿದ ಭಾವದಲ್ಲಿ ಅವಳ ಉತ್ತರಕ್ಕೆ ಕಾದೆ. ಅವಳ ದನಿಯೇ ಬಂತು, ಹಿಂದೆ ಕುಕ್ಕರ್ ಸೀಟಿ.

"ನೋಡ್ದೆ ರಾಜಣ್ಣ. ಅಕ್ಷರ ಚೆನ್ನಾಗಿದೆ. ಆದ್ರೆ ಅಲ್ಲಿ ಅದನ್ನ ಯಾರು ಓದ್ತಾರೆ?"

ಮೂರು ಸಲ ಕೇಳಿಸಿಕೊಂಡೆ. ಆ ಊರಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ, ನಾನೂ ಮಧ್ಯಾಹ್ನದ ರೈಲಿಗೆ ಹೊರಡುವವನು. ತಾತನ ಹೆಸರಿಗೆ ಧಕ್ಕೆಯಾಗದ, ಚಿಕ್ಕಪ್ಪನಿಗೆ ತಲುಪದ, ಜರಗನಹಳ್ಳಿಯ ಒಂದು ನರಪಿಳ್ಳೆಯೂ ತಲುಪಲಾರದ ಜಾಗದಲ್ಲಿ ನಾನು ಸತ್ಯವಂತನಾಗಿದ್ದೆ. ಅಷ್ಟು ಹೊತ್ತಿನ ಹಗುರವೆಲ್ಲ ಇಳಿದುಹೋಯಿತು.

ವಿಮಾನದಲ್ಲಿ ಕರಡು ತೆಗೆದು ಎಪ್ಪತ್ತಮೂರನೆಯ ಪುಟದ ವಾಕ್ಯವನ್ನು ಹೊಡೆದು, ಅದೇ ಐದು ಸಾಲನ್ನು ಅಂಚಿನಲ್ಲಿ ಬರೆದೆ.

ಸುಬ್ರಹ್ಮಣ್ಯಪುರ

ಚಿಕ್ಕಪ್ಪ ಕರಡನ್ನು ಓದಿ ಕನ್ನಡಕ ತೆಗೆದಿಟ್ಟರು. ಕೂಗಾಡಲಿಲ್ಲ. "ತಾತನ ಫೋಟೋ ಕೆಳಗೆ ನಿಂತ್ಕೊಂಡು ಇದನ್ನ ಓದ್ತೀಯಾ?" ಎಂದಷ್ಟೇ ಕೇಳಿದರು. ಓದುತ್ತೇನೆ ಎಂದೆ. ಹಾಗಾದರೆ ಮಂಟಪ ಬೇರೆ ಕಡೆ ನೋಡಿಕೋ ಎಂದರು. ಅವರನ್ನು ನಾನು ದೂರುವುದಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ತಾತ ಅವರಿಗೆ ಅಪ್ಪ. ನನಗೂ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಚೌಡಮ್ಮನ ಮನೆಗೆ ಹೋದೆ. ಅಚ್ಚಿಗೆ ಕೊಡುವ ಮೊದಲು ನೀನು ಓದಬೇಕು, ಬೇರೆಯಾಗಿದ್ದರೆ ಬರೆಯಬೇಕು ಎಂದು ಕರಡನ್ನು ಮುಂದಿಟ್ಟೆ. ಪುಸ್ತಕದಲ್ಲಿ ಬರೆಯೋದಾ ಎಂದು ಹಿಂಜರಿದಳು. ಬರಿ ಎಂದೆ. ಐದು ಸಾಲನ್ನು ಅವಳು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. 'ಬಂದಿದ್ದ' ಎಂಬಲ್ಲಿ ಬೆರಳು ನಿಂತಿತು. ಟಿ.ವಿ. ಮೇಲಿದ್ದ ಪೆನ್ನು ತರಿಸಿಕೊಂಡು, ಟಿಕೆಟ್ಟಿನ ಮೇಲೆ ಬರೆದು ಬರೆದು ಸಣ್ಣಗಾದ ಅಕ್ಷರದಲ್ಲಿ ಪಕ್ಕಕ್ಕೆ ಎರಡು ಪದ ಸೇರಿಸಿದಳು: 'ಎರಡು ಸಲ.'

ನಾನು ಅವಳ ಮುಖ ನೋಡಿದೆ.

"ಮೊದಲ್ನೇ ಸಲ ಬಂದಾಗ ನಿಮ್ ತಾತ ಊಟಕ್ಕೆ ಕೂತಿದ್ರಂತೆ. ಅಂಗಳದಲ್ಲೇ ಕಾದು ವಾಪಸ್ ಬಂದ್ರು. ಏರಿ ಜಿನುಗ್ತಿದೆ ಅಂತ ಮತ್ತೆ ಹೋದ್ರು. ನೀವು ನೋಡಿದ್ದು ಎರಡನೇ ಸಲ."

ಏರಿಯಿಂದ ನಮ್ಮ ಮನೆಗೆ ಅರ್ಧ ಮೈಲಿ. ಆ ಮಳೆಯಲ್ಲಿ, ಆ ಕೆಸರಿನಲ್ಲಿ, ಆ ದಾರಿಯನ್ನು ಮುನಿಯಪ್ಪನವರು ಅಂದು ನಾಲ್ಕು ಸಲ ನಡೆದಿದ್ದರು.